ಪೂಲ್ ಲೈಟಿನೊಳಗೆ ನೀರು ಎಲ್ಲಿಂದ ಬಂತು?

ನಾನು ಶಿವಮೊಗ್ಗದಲ್ಲಿ ವೈರಿಂಗ್ ಕೆಲಸ ಮಾಡುವವನು. ಮುಕ್ಕಾಲು ಪಾಲು ಅಡಿಕೆ ತೋಟದ ಪಂಪ್‌ಸೆಟ್, ಸ್ಟಾರ್ಟರ್, ಮನೆ ವೈರಿಂಗ್. ಈಗೀಗ ತೀರ್ಥಹಳ್ಳಿ, ಆಗುಂಬೆ ಕಡೆ ಹೋಂಸ್ಟೇಗಳು ಜಾಸ್ತಿಯಾಗಿರುವುದರಿಂದ ಸ್ವಿಮ್ಮಿಂಗ್ ಪೂಲಿನ ಕೆಲಸವೂ ಬರುತ್ತದೆ. ಮೇಗರವಳ್ಳಿ ದಾಟಿದ ಮೇಲೆ ಸಿಗುವ ಒಂದು ಹೋಂಸ್ಟೇಗೆ ಒಂದೇ ಒಂದು ಲೈಟ್‌ಗಾಗಿ ಮೂರು ಸಲ ಹೋಗಿ ಬಂದೆ. ಮೊದಲ ಎರಡು ಸಲ ನಾನು ಮಾಡಿದ್ದು ತಪ್ಪು ರಿಪೇರಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರಿಗೆ ಉಪಯೋಗವಾಗಲಿ ಅಂತ.

ಲೈಟ್ ಹಳೇದು. ಪಾರ್ 56 ಅಂತಾರಲ್ಲ, ಆ ದೊಡ್ಡ ಗಾಜಿನ ಲ್ಯಾಂಪ್, 12 ವೋಲ್ಟ್, 300 ವಾಟ್. ಪಂಪ್ ರೂಮಿನಲ್ಲಿ ಟ್ರಾನ್ಸ್‌ಫಾರ್ಮರ್. ಅಲ್ಲಿಂದ ಕೇಬಲ್ ಹುಲ್ಲುಹಾಸಿನ ಅಡಿಯಲ್ಲಿ ಬಂದು ಒಂದು ಜಂಕ್ಷನ್ ಬಾಕ್ಸ್ (ಕೇಬಲ್ ಜೋಡಿಸುವ ಡಬ್ಬಿ) ಸೇರುತ್ತದೆ, ಬಾಕ್ಸಿನಿಂದ ಪೈಪಿನೊಳಗೆ ಲೈಟಿನ ತನಕ ಇನ್ನೊಂದು ಕೇಬಲ್. ಬಾಕ್ಸ್ ಇದ್ದದ್ದು ನೆಲಮಟ್ಟಕ್ಕಿಂತ ಕೆಳಗೆ, ಒಂದು ಸಣ್ಣ ಗುಂಡಿಯಲ್ಲಿ, ಮೇಲೆ ಕಲ್ಲು ಮುಚ್ಚಿ. ನೋಡುವುದಕ್ಕೆ ಚೆಂದ ಕಾಣಲಿ ಅಂತ ಕಟ್ಟಿದವರು ಹಾಗೆ ಮುಚ್ಚಿದ್ದರು. ನಾನು ಮೊದಲ ಸಲ ಆ ಕಲ್ಲು ಎತ್ತಿಯೇ ಇರಲಿಲ್ಲ.

ಮೊದಲ ಸಲ ಲೈಟ್ ಉರಿಯುತ್ತಿರಲಿಲ್ಲ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು (ಪೂಲಿನ ಕೆಲಸದಲ್ಲಿ ಇದು ನನ್ನ ಪದ್ಧತಿ, ಸ್ವಿಚ್ ಆಫ್ ಮಾಡಿದ್ದನ್ನು ಮಾತ್ರ ನಂಬುವುದಿಲ್ಲ) ರಿಂಗಿನ ಮೇಲಿನ ಸ್ಕ್ರೂ ಬಿಚ್ಚಿ ಲೈಟನ್ನು ದಂಡೆಗೆ ಎಳೆದೆ. ಲೈಟಿನ ಹಿಂದೆ ಕೇಬಲ್ ಸುತ್ತಿಟ್ಟಿರುತ್ತಾರೆ, ನೀರು ಖಾಲಿ ಮಾಡದೆಯೇ ಮೇಲೆ ತರಬಹುದು. ಲ್ಯಾಂಪಿನ ಹಿಂದೆ ಸ್ವಲ್ಪ ತೇವ, ಟರ್ಮಿನಲ್ ಹಸಿರು ಬಣ್ಣಕ್ಕೆ ತಿರುಗಿತ್ತು, ಫಿಲಮೆಂಟ್ ಕಟ್ ಆಗಿತ್ತು. ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸರಿ, ನೀರು ಇಲ್ಲಿಂದಲೇ ಹೋಗಿದೆ ಅಂದುಕೊಂಡೆ. ಹೊಸ ಲ್ಯಾಂಪ್, ಹೊಸ ಗ್ಯಾಸ್ಕೆಟ್. ಬೆಳಕು ಬಂತು. ಸ್ವಲ್ಪ ಹಳದಿ ಇತ್ತು, ಆದರೆ ಹಳೇ ಕಾಲದ ಲ್ಯಾಂಪ್ ಹೀಗೇ ಇರುತ್ತದೆ ಅಂತ ಬಿಟ್ಟೆ. ಆ ಹಳದಿಯನ್ನು ಅವತ್ತೇ ಪ್ರಶ್ನೆ ಮಾಡಬೇಕಿತ್ತು.

ಇಪ್ಪತ್ತು ದಿನಕ್ಕೆ ಫೋನ್. "ಎಂತ ಮಾರಾಯ, ಮತ್ತೆ ಕಣ್ಣು ಮುಚ್ಚಿತಲ್ಲ ಅದು" ಅಂದರು ಹೋಂಸ್ಟೇ ಮಾಲೀಕರು, ಗೌಡ್ರು. ಹೋಗಿ ತೆಗೆದರೆ ಲೈಟಿನೊಳಗೆ ಅರ್ಧ ಲೋಟ ನೀರು, ಟರ್ಮಿನಲ್ ಹತ್ತಿರ ತಂತಿ ತಿಂದು ಹೋಗಿತ್ತು. ಅವತ್ತೂ ಗ್ಯಾಸ್ಕೆಟನ್ನೇ ದೂರಿದೆ. ಇನ್ನೂ ದಪ್ಪದ್ದು ಹಾಕಿ, ಎದುರುಬದುರು ಸ್ಕ್ರೂಗಳನ್ನು ಸಮವಾಗಿ ಬಿಗಿ ಮಾಡಿ, ಸುತ್ತ ಸಿಲಿಕೋನ್ ಬಳಿದು ಬಂದೆ. ಒಂದು ವಾರ ಜಡಿಮಳೆ. ಎಂಟನೇ ದಿನ ಗಾಜಿನ ಒಳಗಡೆ ಮತ್ತೆ ಆವಿ ಕೂತಿತ್ತು ಅಂತ ಫೋಟೋ ಬಂತು.

ಮೂರನೇ ಸಲ ಹೋಗುವಾಗ ಗಾಜನೂರು ಕಳೆದು ಮಂಡಗದ್ದೆ ತನಕ ಅದೇ ಯೋಚನೆ. ಗ್ಯಾಸ್ಕೆಟ್ ಹೊಸದು, ಗಾಜು ಒಡೆದಿಲ್ಲ, ಹಾಗಾದರೆ ನೀರು ಬರುವ ದಾರಿ ಯಾವುದು? ಉಳಿದಿದ್ದು ಒಂದೇ, ಕೇಬಲ್.

ಹೋದವನೇ ಲೈಟ್ ಬಿಚ್ಚಿ, ಟರ್ಮಿನಲ್‌ನಿಂದ ಕೇಬಲ್ ಬಿಡಿಸಿ, ಕೇಬಲ್ಲಿನ ತುದಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಕೆಳಮುಖ ಮಾಡಿ ಹಿಡಿದೆ. ಏನೂ ಇಲ್ಲ. ಒಂದು ನಿಮಿಷ ಹಾಗೇ ಹಿಡಿದಿದ್ದೆ. ಆಮೇಲೆ ಹೊರಗಿನ ಕಪ್ಪು ರಬ್ಬರಿಗೂ ಒಳಗಿನ ಎರಡು ಕೋರ್‌ಗಳಿಗೂ (ಹೊದಿಕೆ ಇರುವ ಒಳತಂತಿಗಳು) ನಡುವೆ ಒಂದು ಹನಿ ಮೂಡಿತು. ನಿಧಾನವಾಗಿ ದಪ್ಪವಾಗಿ, ನನ್ನ ಅಂಗೈ ಮೇಲೆ ಬಿತ್ತು. ಇನ್ನೊಂದು ಮೂಡಿತು. ಕೇಬಲ್ಲಿನ ಹೊಟ್ಟೆಯೊಳಗೇ ನೀರು ಇಳಿದು ಬರುತ್ತಿತ್ತು.

ಆಗ ಗುಂಡಿಯ ಕಲ್ಲು ಎತ್ತಿದೆವು. ಬಾಕ್ಸ್ ಅನ್ನುವುದು ನೀರಿನಲ್ಲಿ ಮುಳುಗಿಯೇ ಇತ್ತು. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಇಲ್ಲಿ ಗುಂಡಿ ತೋಡಿ ಬಾಕ್ಸ್ ಇಟ್ಟರೆ ಅದು ಬಾವಿಯೇ ಸರಿ. ಮಳೆ ಮಾತ್ರ ಅಲ್ಲ. ಲೈಟಿನ ಹಿಂದಿನ ಪೈಪಿನೊಳಗೆ ಪೂಲಿನ ನೀರು ಪೂಲಿನ ಮಟ್ಟದ ತನಕ ಏರಿ ನಿಂತಿರುತ್ತದೆ. ಗುಂಡಿಯ ತಳ ಆ ಮಟ್ಟಕ್ಕಿಂತ ಕೆಳಗಿತ್ತು. ಅಂದರೆ ಮಳೆ ಬಿಟ್ಟರೂ ಪೈಪಿನಿಂದ ಬಾಕ್ಸಿಗೆ ನೀರು ಬರುತ್ತಲೇ ಇರುತ್ತದೆ. ಬಾಕ್ಸಿನಲ್ಲಿ ಕೇಬಲ್ಲಿನ ತುದಿ ಸುಲಿದು ತೆರೆದೇ ಇತ್ತು. ಅಲ್ಲಿ ಒಳಹೊಕ್ಕ ನೀರು ಕೋರ್‌ಗಳ ಸಂದಿನಲ್ಲಿ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಹರಿದು, ಇಳಿಜಾರಿನಲ್ಲಿ ಸೀದಾ ಲೈಟಿನೊಳಗೆ. ನಾನು ಮುಂದಿನ ಬಾಗಿಲಿಗೆ ಬೀಗದ ಮೇಲೆ ಬೀಗ ಹಾಕುತ್ತಿದ್ದೆ, ಹಿತ್ತಲ ಬಾಗಿಲು ತೆರೆದೇ ಇತ್ತು.

ಆದರೂ ಈ ಸಲ ಪರೀಕ್ಷೆ ಮಾಡದೆ ಬಿಡಬಾರದು ಅನ್ನಿಸಿತು. ಕೇಬಲ್ಲಿನ ಲೈಟ್ ಕಡೆಯ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಬಾಕ್ಸ್ ಕಡೆಯ ತುದಿಗೆ ರಬ್ಬರ್ ಟ್ಯೂಬ್ ಕಟ್ಟಿ ಸೈಕಲ್ ಪಂಪ್ ಹೊಡೆಸಿದೆ. ಗೌಡ್ರ ಮಗ ಪಂಪ್ ಹೊಡೆದ, ನಾನು ಬಕೆಟ್ ನೋಡುತ್ತಿದ್ದೆ. ಬುಳಬುಳ ಗುಳ್ಳೆ ಬಂತು. ಕೇಬಲ್ ಅಲ್ಲ ಅದು, ಪೈಪ್ ಆಗಿತ್ತು.

ಇನ್ನು ಆ ಹಳದಿ ಬೆಳಕಿನ ವಿಷಯ. ಮೊದಲ ಸಲ ನಾನು ಕೇಬಲ್ಲಿನ ತುದಿಯಲ್ಲಿ ಮೀಟರ್ ಇಟ್ಟಾಗ 12 ವೋಲ್ಟ್ ಚೆನ್ನಾಗಿ ತೋರಿಸಿತ್ತು, ಹಾಗಾಗಿ ಲೈನ್ ಸರಿ ಇದೆ ಅಂತ ತೀರ್ಮಾನ ಮಾಡಿದ್ದೆ. ಅಲ್ಲೇ ಎಡವಿದ್ದು. ಮೀಟರ್ ಹೆಚ್ಚುಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ. ಈ ಲ್ಯಾಂಪ್ 300 ವಾಟ್, 12ರಿಂದ ಭಾಗಿಸಿ ನೋಡಿ, 25 ಆಂಪಿಯರ್. ಮನೆಯ ಗೀಸರ್ ಎಳೆಯುವುದಕ್ಕಿಂತ ಹೆಚ್ಚು. ಬಾಕ್ಸಿನಲ್ಲಿ ತಂತಿ ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು. ಆ ಜಾಯಿಂಟ್ ಕಪ್ಪಾಗಿ, ಟೇಪ್ ಕರಗಿ ಅಂಟಿಕೊಂಡಿತ್ತು. ಅಂಥಾ ಜಾಯಿಂಟಿನಲ್ಲಿ ಬರೀ 0.1 ಓಮ್ ಇದ್ದರೂ ಸಾಕು, 25 ಆಂಪಿಯರ್ ಹರಿದಾಗ ಎರಡೂವರೆ ವೋಲ್ಟ್ ಅಲ್ಲೇ ಹೋಗುತ್ತದೆ, 60 ವಾಟಿಗಿಂತ ಹೆಚ್ಚು ಬಿಸಿ ಆ ಬೆರಳುದ್ದದ ಟೇಪಿನೊಳಗೆ ಹುಟ್ಟುತ್ತದೆ. ಲ್ಯಾಂಪ್ ಕೂರಿಸಿ, ನೀರಿಗೆ ಇಳಿಸಿ, ಬಾಕ್ಸಿನಲ್ಲಿ ಜಾಯಿಂಟ್ ಆದ ಮೇಲಿನ ತುದಿಯಲ್ಲಿ ಅಳೆದೆ, 8 ವೋಲ್ಟ್ ಚಿಲ್ಲರೆ. ಹಾಗಾಗಿ ಲೋಡ್ ಹಾಕಿ ಅಳೆಯಿರಿ. ಈಗ ನನ್ನ ಬ್ಯಾಗಿನಲ್ಲಿ ಕಾರಿನ 12 ವೋಲ್ಟ್ ಹೆಡ್‌ಲೈಟ್ ಬಲ್ಬ್ ಒಂದು ಯಾವಾಗಲೂ ಇರುತ್ತದೆ, ಮೀಟರ್ ಜೊತೆಗೆ ಅದನ್ನೂ ಕಟ್ಟಿ ನೋಡುತ್ತೇನೆ. ಪೂಲ್ ಲ್ಯಾಂಪನ್ನೇ ದಂಡೆ ಮೇಲಿಟ್ಟು ಉರಿಸಿ ನೋಡಬೇಡಿ. ಅದು ನೀರಿನಿಂದ ತಣ್ಣಗಾಗಲು ಮಾಡಿದ ಲ್ಯಾಂಪ್, ಹೊರಗೆ ಒಂದೆರಡು ಕ್ಷಣಕ್ಕಿಂತ ಹೆಚ್ಚು ಉರಿದರೆ ಸುಡುತ್ತದೆ.

ಗೌಡ್ರ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. "ಮೊದಲ ಲ್ಯಾಂಪಿನ ದುಡ್ಡು ನಾನು ಕೊಡ್ತೇನೆ ಗೌಡ್ರೇ, ಆದರೆ ಈ ಕೇಬಲ್ ಪೂರ್ತಿ ಬದಲಿಸಲೇಬೇಕು, ಇದಕ್ಕೆ ತೇಪೆ ಹಾಕಲ್ಲ" ಅಂದೆ. ಅವರು ಒಂದೇ ಕೇಳಿದರು: "ಮಕ್ಕಳು ಇಳಿತಾರೆ ಮಾರಾಯ, ಶಾಕ್ ಹೊಡೆಯಲ್ಲ ತಾನೆ?" ನ್ಯಾಯವಾದ ಪ್ರಶ್ನೆ. 12 ವೋಲ್ಟಿನ ರಕ್ಷಣೆ ನಿಂತಿರುವುದು ಟ್ರಾನ್ಸ್‌ಫಾರ್ಮರ್ ಮೇಲೆ. ಅದರ 230 ವೋಲ್ಟ್ ಸುರುಳಿಗೂ 12 ವೋಲ್ಟ್ ಸುರುಳಿಗೂ ಒಳಗೆ ಎಲ್ಲೂ ಸಂಪರ್ಕ ಇರಬಾರದು. ಎರಡರ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಹಿಡಿದು ತೋರಿಸಿದೆ, ಚೆನ್ನಾಗಿತ್ತು. ಇಲ್ಲದಿದ್ದರೆ ಅವತ್ತೇ ಪೂಲ್ ಮುಚ್ಚಿಸುತ್ತಿದ್ದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯಲ್ಲ ಅಂತ ಕೆಲವರು ಸುಮ್ಮನಾಗುತ್ತಾರೆ. ಅದು ಇರಲೇಬೇಕು, ಆದರೆ ಟ್ರಾನ್ಸ್‌ಫಾರ್ಮರಿನ ಆಚೆಗೆ, 12 ವೋಲ್ಟ್ ಕಡೆಯಲ್ಲಿ ಆಗುವ ಸೋರಿಕೆ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಇಷ್ಟು ದಿನ ಅದು ಟ್ರಿಪ್ ಆಗಿರಲಿಲ್ಲ.

ಹೊಸ ರಬ್ಬರ್ ಕೇಬಲ್ ಎಳೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಹಳೇ ಕೇಬಲ್ಲಿಗೆ ಕಟ್ಟಿ, ಸೋಪಿನ ನೀರು ಬಿಟ್ಟು, ಒಬ್ಬರು ತಳ್ಳಿ ಒಬ್ಬರು ಎಳೆದು. ಗುಂಡಿಯ ಬಾಕ್ಸ್ ತೆಗೆದು ಪೈಪನ್ನು ಪಂಪ್ ರೂಮಿನ ಗೋಡೆ ತನಕ ಮುಂದುವರಿಸಿದೆ. ಹೊಸ ಬಾಕ್ಸ್ ಪೂಲಿನ ಅಂಚಿನಿಂದ ನಾಲ್ಕು ಮೀಟರ್ ದೂರ, ನೆಲದಿಂದ ಎರಡು ಅಡಿ ಮೇಲೆ. ಕೇಬಲ್ ಬಾಕ್ಸಿನ ಕೆಳಗಿನಿಂದ ಗ್ಲ್ಯಾಂಡ್ (ಕೇಬಲ್ಲಿನ ಸುತ್ತ ಬಿಗಿದು ಕೂರುವ ಬಿರಡೆ) ಮೂಲಕ ಒಳಗೆ, ಕೋರ್‌ಗಳು ಬೇರೆಯಾಗುವ ಜಾಗಕ್ಕೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗಿ ಕೂರುವ ಕೊಳವೆ. ನೀರಿನೊಳಗಾಗಲಿ ಪೈಪಿನೊಳಗಾಗಲಿ ಒಂದೂ ಜಾಯಿಂಟ್ ಇಲ್ಲ. ಗ್ಯಾಸ್ಕೆಟ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಮೋಟಾರಿನ ಗ್ರೀಸ್ ಹಚ್ಚಿದರೆ ಕೆಲವು ರಬ್ಬರ್ ಊದಿಕೊಳ್ಳುತ್ತದೆ.

ಲ್ಯಾಂಪ್ ಕೂಡ ಎಲ್‌ಇಡಿ ಮಾಡಿದೆವು, 18 ವಾಟ್, ಒಂದೂವರೆ ಆಂಪಿಯರ್. ಟ್ರಾನ್ಸ್‌ಫಾರ್ಮರ್ 300 ವಾಟಿಗೆ ಮಾಡಿದ್ದು, ಇಷ್ಟು ಕಡಿಮೆ ಲೋಡಿಗೆ ವೋಲ್ಟೇಜ್ ಸ್ವಲ್ಪ ಏರುತ್ತದೆ. ಲ್ಯಾಂಪಿನ ಮೇಲೆ ಬರೆದ ಮಿತಿಯೊಳಗೆ ಇದೆಯಾ ಅಂತ ಅಳೆದೇ ಹಾಕಬೇಕು. ಗೌಡ್ರ ತಾಯಿಗೆ ಬಿಳಿ ಬೆಳಕು ಬೇಡವಾಗಿತ್ತು, "ಆಸ್ಪತ್ರೆ ಹಾಗೆ ಕಾಣ್ತದೆ" ಅಂದರು. ವಾರ್ಮ್ ವೈಟ್ ತರಿಸಿದೆ. ನನಗೂ ಅದೇ ಇಷ್ಟ.

ಲ್ಯಾಂಪ್ ಜೋಡಿಸುವ ಮೊದಲು ಹಳೇ ಕೇಬಲ್ಲಿಗೂ ಹೊಸದಕ್ಕೂ 250 ವೋಲ್ಟಿನಲ್ಲಿ ಮೆಗ್ಗರ್ ಹಿಡಿದೆ. ಕನಿಷ್ಠ 0.5 ಮೆಗಾಓಮ್ ಬೇಕು. ಹಳೇದು 0.1 ಕೂಡ ಇರಲಿಲ್ಲ, ಹೊಸದು 200 ದಾಟಿತು. ಆ ಸಂಖ್ಯೆಯನ್ನು ತಾರೀಖಿನ ಜೊತೆ ಬಾಕ್ಸಿನ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ಬರೆದಿಟ್ಟೆ. ಈ ಮಳೆಗಾಲ ಮುಗಿದ ಮೇಲೆ ಹೋಗಿ, ಲ್ಯಾಂಪ್ ಬಿಡಿಸಿ ಮತ್ತೆ ಅಳೆದು ಅದರ ಕೆಳಗೇ ಬರೆದೆ: 180. ಗಾಜಿನೊಳಗೆ ಒಂದು ಹನಿ ಇಲ್ಲ. ಎದುರು ಗೋಡೆಯಲ್ಲಿ ಇನ್ನೊಂದು ಲೈಟ್ ಇದೆ, ಅದೂ ಅದೇ ಕಾಲದ್ದು, ಇನ್ನೂ ಉರಿಯುತ್ತಿದೆ. ಅದರ ಬಾಕ್ಸಿನ ಮೇಲಿನ ಕಲ್ಲನ್ನು ಅವತ್ತೇ ಎತ್ತಿ ನೋಡಿದೆ, ಮುಂದಿನ ವಾರ ಕೇಬಲ್ ತರುತ್ತೇನೆ ಅಂತ ಹೇಳಿ ಬಂದಿದ್ದೇನೆ.