ಯಾರಿಗಾದ್ರೂ

ಯುಗಾದಿಗೆ ಊರಿಗೆ ಹೋಗುವ ಮುಂಚೆ ಕೂದಲು ಕತ್ತರಿಸಿಕೊಳ್ಳಬೇಕು ಅಂತ ಕಳೆದ ಬುಧವಾರ ಸಂಜೆ ಹಲಸೂರಿನ ನಮ್ಮ ಮಾಮೂಲಿ ಕಟಿಂಗ್ ಶಾಪ್‌ಗೆ ಹೋದೆ. ಕೂದಲು ಇನ್ನೂ ಎರಡು ದಿನ ಕಾಯುತ್ತಿತ್ತು. ಆದರೆ ಆ ಅಂಗಡಿಯ ಟಿವಿಯಲ್ಲಿ ಅವತ್ತು ಶಿಲ್ಲಾಂಗ್‌ನಲ್ಲಿ ನಡೆಯುವ ಭಾರತ-ಮಾಲ್ಡೀವ್ಸ್ ಫುಟ್‌ಬಾಲ್ ಮ್ಯಾಚ್ ಹಾಕಿರುತ್ತಾರೆ ಅಂತ ಗೊತ್ತಿತ್ತು. ಅಂಗಡಿಯ ಅಣ್ಣ ಹಿಂದೆ ಒಂದು ಕಾರ್ಖಾನೆಯ ಟೀಮಿನಲ್ಲಿ ಫುಲ್ ಬ್ಯಾಕ್ ಆಡಿದವರು. ಐಪಿಎಲ್ ಶನಿವಾರದಿಂದ ಶುರು. ಹಾಗಾಗಿ ಚಾನೆಲ್ ಬದಲಿಸಿ ಅನ್ನುವವರೂ ಇರಲಿಲ್ಲ.

76ನೇ ನಿಮಿಷ. ಲಿಸ್ಟನ್ ಕೊಲಾಸೊ ಗೋಲಿನ ಮುಂದಕ್ಕೆ ಚೆಂಡು ಹಾಕಿದರು. ಸುನಿಲ್ ಛೆಟ್ರಿ ತಲೆ ಕೊಟ್ಟರು. ಗೋಲು.

ಅಣ್ಣ ಕತ್ತರಿ ಕೈಯಲ್ಲಿ ಹಿಡಿದೇ ಕೂಗಿದರು. ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿದ್ದವರು ಅರ್ಧ ಕಟಿಂಗ್‌ನಲ್ಲೇ ಎದ್ದು ನಿಂತರು. ನಾನೂ ಎದ್ದೆ. ಗಂಟಲು ಕಟ್ಟಿ ಬಂತು. ಒಂಬತ್ತು ತಿಂಗಳ ಹಿಂದೆ ದೇಶದ ಟೀಮಿನಿಂದ ರಿಟೈರ್ ಆಗಿ, ಕಣ್ಣೊರೆಸಿಕೊಳ್ಳುತ್ತಾ ಮೈದಾನ ಬಿಟ್ಟು ಹೋದ ಮನುಷ್ಯ ಅದೇ ನೀಲಿ ಅಂಗಿಯಲ್ಲಿ, 40ನೇ ವಯಸ್ಸಿನಲ್ಲಿ, ದೇಶಕ್ಕಾಗಿ 95ನೇ ಗೋಲು ಹೊಡೆದು ಓಡುತ್ತಿದ್ದಾರೆ. ಅದನ್ನು ಕೂತು ನೋಡುವುದು ನನ್ನ ಕೈಲಾಗಲಿಲ್ಲ.

ಒಬ್ಬ ಮಾತ್ರ ಕೂತೇ ಇದ್ದ. ಮೂಲೆಯ ಬೆಂಚಿನಲ್ಲಿ, ಹದಿನೇಳು ವರ್ಷ ಇರಬಹುದು. ಮೊಣಕಾಲವರೆಗಿನ ಸಾಕ್ಸಿಗೆ ಕೆಂಪು ಮಣ್ಣು ಮೆತ್ತಿತ್ತು. ಬೂಟುಗಳನ್ನು ದಾರದಿಂದ ಬ್ಯಾಗಿಗೆ ಕಟ್ಟಿಕೊಂಡಿದ್ದ. ಚಪ್ಪಾಳೆ ಹೊಡೆದ, ಆದರೆ ಏಳಲಿಲ್ಲ.

"ಏನಪ್ಪಾ, ಖುಷಿ ಆಗ್ಲಿಲ್ವಾ?" ಅಂದೆ.

"ಆಯ್ತು ಅಂಕಲ್. ಆದ್ರೆ ಆ ಜಾಗ ಯಾರಿಗಾದ್ರೂ ಸಿಗಬೇಕಿತ್ತಲ್ವಾ?"

"ಯಾರಿಗೆ?"

ಅವನು ಸ್ವಲ್ಪ ಹೊತ್ತು ಟಿವಿ ನೋಡಿದ. "ಗೊತ್ತಿಲ್ಲ ಅಂಕಲ್. ಯಾರಿಗಾದ್ರೂ."

ಅಷ್ಟೇ ಮಾತು. ಇವತ್ತಿಗೆ ಒಂದು ವಾರ ಆಯಿತು. ಬಸ್ಸಿನಲ್ಲಿ, ಸ್ನಾನ ಮಾಡುವಾಗ, ಆಫೀಸಿನ ಮೀಟಿಂಗ್ ಮಧ್ಯೆ, ಆ "ಯಾರಿಗಾದ್ರೂ" ಕಿವಿಯಲ್ಲಿ ಕೂತಿದೆ. ಸಿಟ್ಟಿನಿಂದ ಹೇಳಿದ ಮಾತಾಗಿದ್ದರೆ ಮರೆತುಬಿಡುತ್ತಿದ್ದೆ. ಅವನು ಹೆಸರು ಹುಡುಕಿದ, ಸಿಗಲಿಲ್ಲ, ಅದಕ್ಕೆ ಹಾಗೆ ಹೇಳಿದ. ಆಮೇಲೆ ನಾನೂ ಹುಡುಕಿದೆ. ನನಗೂ ಸಿಗಲಿಲ್ಲ.

2025ರ ಮಾರ್ಚ್ 6ರಂದು ಛೆಟ್ರಿ ದೇಶದ ಟೀಮಿಗೆ ವಾಪಸ್ ಬರುತ್ತಾರೆ ಅನ್ನುವ ಸುದ್ದಿ ಬಂದಾಗಿನಿಂದ ನಮ್ಮ ಗೆಳೆಯರಲ್ಲಿ ಇದೇ ಜಗಳ. ಒಬ್ಬನಿಗೆ ದೇವರೇ ವಾಪಸ್ ಬಂದ ಹಾಗೆ. ಇನ್ನೊಬ್ಬ, 2024ರ ಜೂನ್ 6ರಂದು ರೈಲು ಹತ್ತಿ ಕೋಲ್ಕತ್ತಾದ ಸಾಲ್ಟ್‌ಲೇಕ್ ಸ್ಟೇಡಿಯಂಗೆ ಹೋಗಿದ್ದವನು, ಬೇಜಾರಾಗಿದ್ದಾನೆ. "ಅವತ್ತು ನಾನು ಅತ್ತಿದ್ದು ಯಾತಕ್ಕೆ ಹಾಗಾದ್ರೆ?" ಅಂತ ಕೇಳುತ್ತಾನೆ. ಅವನ ಬೇಜಾರು ನನಗೆ ಅರ್ಥವಾಗುತ್ತದೆ. ಕುವೈತ್ ಎದುರು 0-0, ಮ್ಯಾಚ್ ಮುಗಿದ ಮೇಲೆ ಎರಡೂ ಕಡೆ ಸಾಲಾಗಿ ನಿಂತ ಆಟಗಾರರ ನಡುವೆ ಛೆಟ್ರಿ ನಡೆದು ಬಂದದ್ದನ್ನು ಅವನು ಕಣ್ಣಾರೆ ನೋಡಿದವನು. ಮನೆಯಲ್ಲಿ ಒಂದು ಸಲ ದೊಡ್ಡದಾಗಿ ಬೀಳ್ಕೊಟ್ಟವರು ಮತ್ತೆ ಬಾಗಿಲಲ್ಲಿ ನಿಂತರೆ ಖುಷಿಯ ಜೊತೆ ಒಂಥರಾ ಗಲಿಬಿಲಿಯೂ ಆಗುತ್ತದೆ.

ಮೂರನೆಯವನಿದ್ದಾನೆ, ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್. ಒಂದೇ ಒಂದು ಮ್ಯಾಚನ್ನೂ ಪೂರ್ತಿ ನೋಡಿದವನಲ್ಲ. ಬೇರೆಯವರು ಮಾಡಿದ ಹಾಸ್ಯದ ಚಿತ್ರಗಳನ್ನು ಕಳಿಸುತ್ತಾನೆ, ಅಷ್ಟೇ. ಅವನ ಜೊತೆ ಈ ವಿಷಯ ಮಾತಾಡುವುದನ್ನು ಬಿಟ್ಟಿದ್ದೇನೆ. ಬೈಯುವವರಿಗೂ ಒಂದು ಹಕ್ಕು ಇರುತ್ತದೆ. ಆದರೆ ಆ ಹಕ್ಕು ಮಳೆಯಲ್ಲಿ ಕೂತು ನೋಡಿದವರಿಗೆ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಮೆಸ್ಸಿ ಉದಾಹರಣೆಯನ್ನೂ ಯಾರೋ ತಂದರು. 2016ರಲ್ಲಿ ಚಿಲಿ ಎದುರು ಫೈನಲ್ ಸೋತು ಇನ್ನು ಸಾಕು ಅಂದವರು ಕೆಲವೇ ವಾರಗಳಲ್ಲಿ ಮರಳಿದರು, 2022ರಲ್ಲಿ ವಿಶ್ವಕಪ್ಪನ್ನೇ ಎತ್ತಿದರು. ಆದರೆ ಅವರಿಗಾಗ 29 ವರ್ಷ. ನನಗೆ ಹೆಚ್ಚು ಹತ್ತಿರ ಅನ್ನಿಸುವುದು ನಮ್ಮ ಶ್ರೀನಾಥ್. 2002ರಲ್ಲಿ ಟೆಸ್ಟ್ ಬಿಟ್ಟೆ ಅಂದಿದ್ದರು. ಗಂಗೂಲಿ ಕರೆದರು, ಬಂದರು. ಕರೆದವರ ಮಾತು ತಳ್ಳಲಾರದೆ ಬಂದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಛೆಟ್ರಿಯೂ ತಾವಾಗಿ ಬಾಗಿಲು ಬಡಿದವರಲ್ಲ. ಟೀಮಿನ ಆಗಿನ ಕೋಚ್ ಮನೋಲೊ ಮಾರ್ಕೆಜ್ ಕೇಳಿದರು, ಇವರು ಒಪ್ಪಿದರು. ಕೋಚಿಗಾದರೂ ಬೇರೆ ದಾರಿ ಎಲ್ಲಿತ್ತು? 2024 ಇಡೀ ವರ್ಷ ಭಾರತ ಒಂದೂ ಮ್ಯಾಚ್ ಗೆದ್ದಿರಲಿಲ್ಲ. ಹೈದರಾಬಾದಿನಲ್ಲಿ ಮಾರಿಷಸ್ ಎದುರು ಕೂಡ ಗೋಲಿಲ್ಲದ ಡ್ರಾ. ಬುಧವಾರ ಮಾಲ್ಡೀವ್ಸ್ ಎದುರು 3-0 ಗೆದ್ದದ್ದು 489 ದಿನಗಳ ನಂತರ ಬಂದ ಗೆಲುವು. ಅದೇ ಹೊತ್ತಿಗೆ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಎಲ್ಲರಿಗಿಂತ ಜಾಸ್ತಿ, 12 ಗೋಲು ಹೊಡೆದು ಕೂತಿದ್ದವರು ಈ ರಿಟೈರ್ ಆದ ಮನುಷ್ಯ. ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಬೇರೆ. ಅವರನ್ನು ಬಿಟ್ಟು ಇನ್ಯಾರನ್ನು ಕರೆಯಬೇಕಿತ್ತು?

ಯಾರಿಗಾದ್ರೂ, ಅಂದ ಹುಡುಗ.

ಮ್ಯಾಚ್ ಮುಗಿದ ಮೇಲೆ ನನ್ನ ಸರದಿ ಬಂತು. ಕತ್ತರಿ ಆಡಿಸುತ್ತಾ ಅಣ್ಣ ಆ ಹುಡುಗನ ವಿಷಯ ಹೇಳಿದರು. ಅವನು ಆಗಲೇ ಹೊರಟುಹೋಗಿದ್ದ. ಗೌತಮಪುರದವನಂತೆ. ಪೆಲೆ ಪ್ರತಿಮೆ ಇದೆಯಲ್ಲ, ಅದೇ ಗೌತಮಪುರ. ಚಿಕ್ಕವನಿದ್ದಾಗಿನಿಂದ ಎಲ್ಲರ ಮುಂದೆ ನಿಂತು ಗೋಲು ಹೊಡೆಯುವವನು, ನಂಬರ್ 9. ಹೋದ ವರ್ಷ ಒಂದು ಕ್ಲಬ್ಬಿನ ಟ್ರಯಲ್ಸ್‌ಗೆ ಹೋಗಿದ್ದನಂತೆ. ಚೆನ್ನಾಗಿಯೇ ಆಡಿದ. ಅಲ್ಲಿಯವರು, "ಮುಂದೆ ಆಡೋಕೆ ನಮ್ಮ ಹತ್ರ ಹೊರದೇಶದವನು ಇದ್ದಾನೆ. ನೀನು ಓಡ್ತೀಯಲ್ಲ, ವಿಂಗ್‌ಗೆ ಬಾ" ಅಂದರಂತೆ. ವಿಂಗ್ ಅಂದರೆ ಮೈದಾನದ ಅಂಚು. ಹೋದ.

"ಎಲ್ಲಾ ಹುಡುಗರ ಕಥೆನೂ ಇದೇ ಸಾರ್" ಅಂದರು ಅಣ್ಣ. "ಗೋಲು ಹೊಡೆಯೋ ಕೆಲಸ ನಮ್ಮ ಹುಡುಗರಿಗೆ ಯಾರೂ ಕೊಡಲ್ಲ. ಕೊಡದೆ ಕಲಿಯೋದು ಹೆಂಗೆ?"

ದೊಡ್ಡ ಲೀಗಿನಲ್ಲೂ ನಡೆಯುವುದು ಇದೇ ಅಲ್ವಾ? ಐಎಸ್‌ಎಲ್‌ನಲ್ಲಿ ಒಂದು ಟೀಮ್ ಮೈದಾನಕ್ಕೆ ಇಳಿಸಬಹುದಾದ ವಿದೇಶಿಯರು ನಾಲ್ವರು. ಆ ನಾಲ್ವರಲ್ಲಿ ಒಬ್ಬರು ಸಾಮಾನ್ಯವಾಗಿ ಎಲ್ಲರ ಮುಂದೆ ನಿಲ್ಲುವವರೇ. ಕ್ಲಬ್ಬುಗಳನ್ನು ನಾನು ಪೂರ್ತಿ ಬೈಯಲಾರೆ. ಗೆಲ್ಲಬೇಕು, ದುಡ್ಡು ಹಾಕಿದ್ದಾರೆ, ಗೋಲು ಹೊಡೆದು ಗೊತ್ತಿರುವವನನ್ನು ತರುತ್ತಾರೆ. ಆದರೆ ವರ್ಷವಿಡೀ ವಿಂಗಿನಲ್ಲಿ ಓಡಿದ ನಮ್ಮ ಹುಡುಗನಿಗೆ ದೇಶದ ಅಂಗಿ ತೊಡಿಸಿದ ದಿನ, "ಇವತ್ತು ನೀನೇ ಗೋಲು ಹೊಡಿ" ಅಂದರೆ ಅವನು ಏನು ಮಾಡಬೇಕು?

ಹಿಂದೆ ಹೀಗಿರಲಿಲ್ಲ ಅಂತ ಅಣ್ಣ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ ಹೊಡೆದ ಒಂದೇ ಗೋಲು ನಮ್ಮ ಬೆಂಗಳೂರಿನ ರಾಮನ್ ಅವರದ್ದು. ಜೊತೆಗೆ ಆಡಿದ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಆಮೇಲೆ ಐಟಿಐ, ಎಚ್‌ಎಎಲ್ ಟೀಮುಗಳಿದ್ದವು. ಚೆನ್ನಾಗಿ ಆಡಿದವನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು. ಅಣ್ಣನ ಮುಖದಲ್ಲಿ ಆಗ ಬಂದ ಕಳೆಯನ್ನು ಕನ್ನಡಿಯಲ್ಲಿ ನೋಡಿದೆ.

ನಾನೂ ಫುಟ್‌ಬಾಲ್ ಪ್ರೀತಿಸುವವನು ಅಂತಲೇ ಅಂದುಕೊಂಡಿದ್ದೇನೆ. 2018ರಲ್ಲಿ ಮುಂಬೈಯ ಆ ಖಾಲಿ ಸ್ಟೇಡಿಯಂ ನೋಡಿ ಛೆಟ್ರಿ ಒಂದು ವಿಡಿಯೊ ಮಾಡಿದ್ದರು. ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬನ್ನಿ ಅಂತ ಕೈ ಮುಗಿದು ಕೇಳಿದ್ದರು. ಆ ಮಾತು ನನಗೆ ತಾಗಿತು. ಅಂದಿನಿಂದ ಕಂಠೀರವಕ್ಕೆ ಎಷ್ಟು ಸಲ ಹೋಗಿದ್ದೇನೆ ಲೆಕ್ಕವಿಲ್ಲ. 2023ರ ಜೂನ್ 21ರಂದು ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನದ ಎದುರು ಅವರು ಮೂರು ಗೋಲು ಹೊಡೆದ ರಾತ್ರಿ ಮಳೆಯಲ್ಲಿ ನೆನೆದು ಮನೆಗೆ ಬಂದಿದ್ದೆ. ಮಾರನೇ ದಿನ ಜ್ವರ. ಆದರೂ ಆಫೀಸಿಗೆ ಹೋಗಿ ಎಲ್ಲರಿಗೂ ಕಥೆ ಹೇಳಿದ್ದೆ.

ಆದರೆ ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷದ ದಾರಿಯಲ್ಲಿರುವ ಮೈದಾನಕ್ಕೆ ಒಂದು ಸಲವೂ ಹೋಗಿಲ್ಲ. ಇಪ್ಪತ್ತು ವರ್ಷದಿಂದ ಅದರ ಬೇಲಿ ದಾಟಿ ಓಡಾಡಿದ್ದೇನೆ. ಒಳಗೆ ಹುಡುಗರು ಆಡುತ್ತಿರುತ್ತಾರೆ, ನಾನು ತರಕಾರಿ ತರಲು ಹೋಗುತ್ತಿರುತ್ತೇನೆ. ಯಾರಿಗೆ ಸಿಗಬೇಕಿತ್ತು ಆ ಜಾಗ ಅಂತ ಕೇಳಿದರೆ ನನಗೆ ಹೆಸರು ಗೊತ್ತಿರುವುದಾದರೂ ಹೇಗೆ?

ಗುರುವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಹಬ್ಬಕ್ಕೆ ಏನೇನು ತರಬೇಕು ಅಂತ ಕೇಳಿ ಮುಗಿಸುವುದರಲ್ಲಿದ್ದೆ. ಅಷ್ಟರಲ್ಲಿ ತಲೆಗೆ ಬಂತು. ಅಮ್ಮ ತಿಪಟೂರಿನ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ರಿಟೈರ್ ಆದಾಗ ಊರೆಲ್ಲ ಸೇರಿ ಬೀಳ್ಕೊಟ್ಟಿತ್ತು. ಮೂರು ತಿಂಗಳಾಗಿತ್ತು ಅಷ್ಟೇ. ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹೆಡ್‌ಮಾಸ್ಟರು, ಊರಿನ ನಾಲ್ಕು ಹಿರಿಯರು ಮನೆಗೆ ಬಂದು, "ಎಸ್‌ಎಸ್‌ಎಲ್‌ಸಿ ಮಕ್ಕಳಮ್ಮಾ, ಈ ಒಂದು ವರ್ಷ" ಅಂದರು. ಅಮ್ಮ ಹೋದರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಆ ವರ್ಷ ರಿಸಲ್ಟ್ ತುಂಬಾ ಚೆನ್ನಾಗಿ ಬಂತು. ಪೇಟ ಇಟ್ಟು, ಶಾಲು ಹೊದಿಸಿ, ಎರಡನೇ ಸಲ ಸನ್ಮಾನ ಮಾಡಿದರು. ಆ ಫೋಟೊ ಇವತ್ತಿಗೂ ನಡುಮನೆಯಲ್ಲಿದೆ. ನನಗೆ ಅದನ್ನು ನೋಡಿದಾಗಲೆಲ್ಲ ಹೆಮ್ಮೆ.

"ಅಮ್ಮ, ಅವತ್ತು ನೀನು ವಾಪಸ್ ಹೋದಾಗ ಆ ಜಾಗಕ್ಕೆ ಬೇರೆ ಯಾರಾದ್ರೂ ಇದ್ರಾ?" ಅಂತ ಕೇಳಿದೆ.

ಅಮ್ಮ ಸುಮ್ಮನಾದರು. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಇದ್ಲು ಕಣೋ. ಪಕ್ಕದ ಹಳ್ಳಿ ಹುಡುಗಿ. ಬಿ.ಎಡ್. ಮುಗಿಸಿದ್ಲು. ಅತಿಥಿ ಶಿಕ್ಷಕಿ ಮಾಡ್ಕೊಳ್ಳಿ ಅಂತ ಅರ್ಜಿ ಕೊಟ್ಟಿದ್ಲಂತೆ. ಮೇಡಂ ಬರ್ತಿದಾರೆ, ಈ ವರ್ಷ ಬೇಡ ಅಂದ್ರಂತೆ. ನಂಗೆ ಆಮೇಲೆ ಗೊತ್ತಾಯ್ತು. ಒಂದಿನ ನಾನು ಪಾಠ ಮಾಡ್ತಿರುವಾಗ ಬಂದು ಕಿಟಕಿ ಹತ್ರ ನಿಂತಿದ್ಲು. ಪೂರ್ತಿ ಪಿರಿಯಡ್ ನಿಂತು ನೋಡಿ ಹೋದ್ಲು."

"ನೀನು ಮಾತಾಡಿಸ್ಲಿಲ್ವಾ?"

"ಬೆಲ್ ಹೊಡೆದ ಮೇಲೆ ಆಚೆ ಬಂದೆ. ಅಷ್ಟರಲ್ಲಿ ಹೋಗ್ಬಿಟ್ಟಿದ್ಲು." ಆಮೇಲೆ ಅಮ್ಮ ತಾವೇ ಹೇಳಿದರು, "ಮಕ್ಕಳು ಪಾಸಾದ್ರು. ಅದು ಸುಳ್ಳಲ್ಲ. ಆದ್ರೆ ಅವಳನ್ನ ಜೊತೆಗೆ ಕೂರಿಸ್ಕೋಬಹುದಿತ್ತು ನಾನು. ಅರ್ಧ ಪಾಠ ಅವಳು ಮಾಡ್ಲಿ ಅನ್ನಬಹುದಿತ್ತು. ಆಗ ಹೊಳೀಲಿಲ್ಲ."

ಹನ್ನೆರಡು ವರ್ಷದಿಂದ ಆ ಫೋಟೊ ನೋಡುತ್ತಿದ್ದೇನೆ. ಈ ಕಿಟಕಿಯ ಹುಡುಗಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಮ್ಮ ಮಾಡಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅಷ್ಟು ಮಕ್ಕಳನ್ನು ಸುಮ್ನೆ ಬಿಟ್ಟುಬಿಡಲು ಆಗುತ್ತಿತ್ತಾ? ಆದರೆ ಹೆಮ್ಮೆಯ ಪಕ್ಕದಲ್ಲಿ ಅವಳೂ ಬಂದು ನಿಂತಿದ್ದಾಳೆ. ಇನ್ನು ಅವಳನ್ನು ಬಿಟ್ಟು ಆ ಫೋಟೊ ನೋಡಲು ನನ್ನಿಂದ ಆಗುವುದಿಲ್ಲ. ಛೆಟ್ರಿಯ ಗೋಲಿನ ರೀಪ್ಲೇ ನೋಡಿದಾಗಲೂ ಹಾಗೇ ಆಗುತ್ತಿದೆ. ಖುಷಿ ಒಂಚೂರೂ ಕಡಿಮೆಯಾಗಿಲ್ಲ. ಆದರೆ ಚೆಂಡು ಬಲೆಗೆ ಬೀಳುವಾಗ ಮೂಲೆಯ ಬೆಂಚೂ ಕಾಣುತ್ತದೆ.

ಮಂಗಳವಾರ ಬಾಂಗ್ಲಾದೇಶದ ಎದುರು ಏಷ್ಯನ್ ಕಪ್ ಅರ್ಹತಾ ಪಂದ್ಯ. ಮತ್ತೆ ಶಿಲ್ಲಾಂಗ್, ಮತ್ತೆ ಅದೇ ಕಟಿಂಗ್ ಶಾಪ್. ಈ ಸಲ ಕಟಿಂಗ್ ನೆಪವೂ ಇರಲಿಲ್ಲ, ಸುಮ್ನೆ ಹೋಗಿ ಕೂತೆ. ಗುಜರಾತ್, ಪಂಜಾಬ್ ನಡುವೆ ಐಪಿಎಲ್ ಮ್ಯಾಚ್ ಇತ್ತು. ಇಬ್ಬರು ಬಂದು ಚಾನೆಲ್ ಬದಲಿಸಿ ಅಂದರು. ಅಣ್ಣ ರಿಮೋಟನ್ನು ಶರ್ಟಿನ ಜೇಬಿಗೆ ಹಾಕಿಕೊಂಡರು. ಆಟ ಹೇಳಿಕೊಳ್ಳುವ ಹಾಗಿರಲಿಲ್ಲ. ಮೊದಲ ನಿಮಿಷಗಳಲ್ಲೇ ನಾವೇ ಗೋಲು ಬಿಟ್ಟುಕೊಡುವುದರಲ್ಲಿದ್ದೆವು. ಛೆಟ್ರಿಗೂ ಗೋಲು ಸಿಗಲಿಲ್ಲ. ಬುಧವಾರ ಅವರನ್ನು ಹೊಗಳಿ ಮುಗಿಯದವರೇ ಈಗ, "ವಯಸ್ಸಾಯ್ತು, ಯಾಕೆ ಬೇಕಿತ್ತು" ಅಂತ ಶುರು ಮಾಡಿದರು. ಆರು ದಿನ, ಅಷ್ಟೇ. ನನಗೆ ತುಂಬಾ ಸಂಕಟವಾಯಿತು. ಕೊನೆಗೆ 0-0.

ಹುಡುಗ ಬಂದಿದ್ದ. ಅದೇ ಬೆಂಚು, ಅದೇ ಸಾಕ್ಸು. ಈ ಸಲ ನಾನೇ ಎದ್ದು ಹೋಗಿ ಅವನ ಪಕ್ಕ ಕೂತೆ.

"ನಿನ್ನ ಮ್ಯಾಚ್ ಯಾವಾಗಪ್ಪಾ?" ಅಂತ ಕೇಳಿದೆ.

"ನಂದಾ?" ನಾನು ತಮಾಷೆ ಮಾಡುತ್ತಿದ್ದೇನಾ ಅಂತ ಮುಖ ನೋಡಿದ. "ಶನಿವಾರ ಬೆಳಿಗ್ಗೆ ಏಳಕ್ಕೆ ಒಂದಿದೆ ಅಂಕಲ್. ಪ್ರಾಕ್ಟೀಸ್ ಮ್ಯಾಚ್. ಭಾನುವಾರ ಹಬ್ಬ ಅಲ್ವಾ, ಇಲ್ಲ."

ಶನಿವಾರ ಬೆಳಿಗ್ಗೆ ಊರಿಗೆ ಹೊರಡಬೇಕಿತ್ತು. ಮಧ್ಯಾಹ್ನದ ರೈಲು ನೋಡೋಣ ಅಂದುಕೊಂಡೆ.

"ಎಲ್ಲಿ ಆಡ್ತೀಯಾ?"

"ರೈಟ್ ವಿಂಗ್" ಅಂದ. ಆಮೇಲೆ ಬೂಟಿನ ದಾರ ಬಿಗಿ ಮಾಡುತ್ತಾ, "ನಾವು ಮುಂದಿದ್ರೆ ಕೊನೇ ಹತ್ತು ನಿಮಿಷ ನೈನ್ ಆಡೋಕೆ ಬಿಡ್ತಾರೆ ಅಂಕಲ್."