ದೊಡ್ಡ ಮಾವನ ಫ್ಲೆಕ್ಸ್

27 ಜುಲೈ 2025, ಭಾನುವಾರ
ಮಲ್ಪೆ ಪಡುಕೆರೆ

ಬೆಳಿಗ್ಗೆ ಕ್ಲಬ್ಬಿನ ಹುಡುಗರು ಬಂದಿದ್ದರು. ಆಗಸ್ಟ್ 15ಕ್ಕೆ ಸೇತುವೆ ಹತ್ತಿರ ದೊಡ್ಡ ಮಾವನ ಫ್ಲೆಕ್ಸ್ ಹಾಕುತ್ತಾರಂತೆ. ನಿನ್ನೆ ಕಾರ್ಗಿಲ್ ದಿನ ಅಲ್ಲವಾ, ಎಲ್ಲರ ಸ್ಟೇಟಸ್ ನೋಡುತ್ತಾ ಕೂತಾಗ ನಮ್ಮ ಊರಲ್ಲೂ ಒಬ್ಬರಿದ್ದರು ಅಂತ ಯಾರೋ ತೆಗೆದಿದ್ದಾರೆ. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿವೆ, ಮಳೆಗಾಲದ ನಿಷೇಧ, 31ರವರೆಗೆ ಕಡಲಿಗಿಳಿಯುವ ಹಾಗಿಲ್ಲ, ಹುಡುಗರ ಕೈಯಲ್ಲಿ ಬೇಕಾದಷ್ಟು ಹೊತ್ತುಂಟು.

ಒಬ್ಬ ಮೊಬೈಲ್ ಹಿಡಿದು ತೋರಿಸಿದ. ಮಾವನ ಫೋಟೋ ಇರುವುದೇ ಎರಡು. ಒಂದು ಬೊಂಬಾಯಿಯ ಸ್ಟುಡಿಯೋದ್ದು, ಯಾರದ್ದೋ ಕೋಟು ಹಾಕಿಕೊಂಡು, ತೋಳು ಬೆರಳ ತುದಿವರೆಗೆ ಇಳಿದಿದೆ. ಇನ್ನೊಂದು ನೇವಿಯ ಗುಂಪಿನ ಫೋಟೋ, ಹಿಂದಿನ ಸಾಲು, ಮುಖ ಮೆಣಸಿನ ಕಾಳಿನಷ್ಟು. ಸ್ಟುಡಿಯೋದ ಮುಖವನ್ನೇ ಎಐಗೆ ಹಾಕಿ ಬಣ್ಣ ಬರಿಸಿದ್ದಾರೆ. ಹಸಿರು ಚುಕ್ಕೆ ಚುಕ್ಕೆಯ ಸೈನ್ಯದ ಬಟ್ಟೆ, ಹಿಂದೆ ಹಿಮದ ಗುಡ್ಡ, ಕೈಯಲ್ಲಿ ಉದ್ದದ ಬಂದೂಕು, ಗಲ್ಲ ತುಂಬಿ ಬಂದಿದೆ. ಕೆಳಗೆ 'ಗಡಿ ಕಾಯುತ್ತಾ ಪ್ರಾಣ ತೆತ್ತ ವೀರ'.

ಅಮ್ಮ ಕನ್ನಡಕ ಹಾಕಿ ನೋಡಿದರು.

"ಇದು ಯಾರು ಮಾರಾಯ?"

"ನಿಮ್ಮ ಅಣ್ಣ ಅಲ್ಲವಾ ಅಮ್ಮ!"

"ಅವನಿಗೆ ಬಂದೂಕು ಯಾಕೆ? ಅವನು ಅಡಿಗೆಗೆ ಇದ್ದದ್ದು. ಕೊಡುವುದಾದರೆ ಒಂದು ಸೌಟು ಕೊಡಿ."

ಹುಡುಗರು ನಕ್ಕರು. ಅಮ್ಮ ನಗಲಿಲ್ಲ.

ಮಾವ ಹಡಗಿನಲ್ಲಿ ಅಡಿಗೆಯವರು ಅನ್ನುವುದು ನನಗೇ ತಿಳಿದದ್ದು ಕಾಲೇಜಿಗೆ ಹೋಗುವಾಗ. ಅಜ್ಜ ಊರಿಡೀ "ಮಗ ನೇವಿಯಲ್ಲಿ" ಅಂತ ಮಾತ್ರ ಹೇಳುತ್ತಿದ್ದರಂತೆ, ಕೇಳಿದವರು ಆಫೀಸರ್ ಅಂದುಕೊಂಡರೆ ಅಂದುಕೊಳ್ಳಲಿ ಅಂತ. ಅಜ್ಜನದ್ದು ರಂಪಣಿ ಬಲೆಯಲ್ಲಿ ಒಂದು ಪಾಲು, ಅಜ್ಜಿಯದ್ದು ತಲೆ ಮೇಲೆ ಮೀನಿನ ಬುಟ್ಟಿ. ಮಾವ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬಾಯಿಯ ಹೋಟೆಲಿಗೆ ಹೋದದ್ದು ಇಲ್ಲಿಯ ಎಷ್ಟೋ ಹುಡುಗರು ಹೋದ ಹಾಗೆಯೇ. ಮೊದಲು ಎಂಜಲು ತೆಗೆಯುವುದು, ಮತ್ತೆ ಸಪ್ಲೈ, ಮತ್ತೆ ಒಲೆ ಹತ್ತಿರ. ರಾತ್ರಿ ಶಾಲೆಗೆ ಹೋಗಿ ಹತ್ತನೆಯವರೆಗೆ ಎಳೆದರು. ಅಲ್ಲಿಂದ ನೇವಿ. ದೇಶಭಕ್ತಿಯಾ ಅಂತ ಒಮ್ಮೆ ಅಮ್ಮನಿಗೆ ಕೇಳಿದ್ದೆ. "ತಿಂಗಳ ಸಂಬಳ" ಅಂದರು. ಇದನ್ನು ಫ್ಲೆಕ್ಸಿನಲ್ಲಿ ಹಾಕಲಿಕ್ಕಾಗುವುದಿಲ್ಲ, ಗೊತ್ತುಂಟು ನನಗೆ.

ಐಎನ್‌ಎಸ್ ಖುಕ್ರಿ, ಮಾವ ಇದ್ದ ಹಡಗು. 1971ರ ಡಿಸೆಂಬರ್ 9ರ ರಾತ್ರಿ ದೀವ್ ಆಚೆಯ ಕಡಲಲ್ಲಿ ಪಾಕಿಸ್ತಾನದ ಹ್ಯಾಂಗೋರ್ ಸಬ್‌ಮೆರಿನ್ ಟಾರ್ಪೆಡೋ ಬಿಟ್ಟದ್ದು. ಕೆಲವೇ ನಿಮಿಷದಲ್ಲಿ ಹಡಗು ಕಡಲ ತಳಕ್ಕೆ ಹೋಯಿತು. ಅದರೊಂದಿಗೆ 18 ಆಫೀಸರುಗಳು, 176 ನಾವಿಕರು ಹೋದರು. ನಮ್ಮ ನೇವಿ ಕರಾಚಿಗೆ ಹೊಡೆದು ಐದು ದಿನ ಆಗಿತ್ತಷ್ಟೆ. ಆ ಡಿಸೆಂಬರ್ 4ನ್ನು ಇವತ್ತಿಗೂ ನೌಕಾಪಡೆ ದಿನ ಅಂತ ಆಚರಿಸುತ್ತಾರೆ, ಟಿವಿಯಲ್ಲಿ ಬಂದರೆ ಅಮ್ಮ ಚಾನೆಲ್ ಬದಲಿಸುತ್ತಾರೆ. ಹಡಗು ಬಿಟ್ಟು ಬಾರದ ಕ್ಯಾಪ್ಟನ್ ಮುಲ್ಲಾ ಅವರಿಗೆ ಮಹಾವೀರ ಚಕ್ರ ಬಂತು. ಬರಲೇಬೇಕಾದದ್ದು. ಕೆಳಗೆ ಒಲೆ ಹತ್ತಿರ ಇದ್ದವರ ಬಗ್ಗೆ ಎಲ್ಲಿ ಹುಡುಕಿದರೂ 176 ಅನ್ನುವ ಲೆಕ್ಕದ ಒಳಗೇ ಸಿಗುತ್ತದೆ.

ಟೆಲಿಗ್ರಾಂ ಬಂದಾಗ ಅಜ್ಜಿ ಬುಟ್ಟಿ ಹೊತ್ತು ಉಡುಪಿಗೆ ಹೋಗಿದ್ದರಂತೆ. ಓದಿಸಿದ್ದು ಪೋಸ್ಟ್‌ಮ್ಯಾನ್ ಕೈಯಲ್ಲೇ. ಕಾಣೆಯಾಗಿದ್ದಾರೆ ಅಂತ ಇತ್ತಂತೆ, ಅಜ್ಜಿ ಅಷ್ಟನ್ನೇ ಗಟ್ಟಿ ಹಿಡಿದರು. ಪಡುಕೆರೆಯ ಹುಡುಗನಿಗೆ ಈಜಲಿಕ್ಕೆ ಬರುವುದಿಲ್ಲವಾ? ದೀವ್‌ನ ಕಡಲೂ ಇದೇ ಕಡಲಲ್ಲವಾ? ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಲು ಬಿಡಲಿಲ್ಲ. ಆಟಿ ತಿಂಗಳಲ್ಲಿ, ಸತ್ತವರಿಗೆ ಬಡಿಸುವಾಗ ಅವರಿಗೆ ಎಲೆ ಇಡಲೂ ಬಿಡಲಿಲ್ಲ. ಪೆನ್ಶನ್ ಮಾತ್ರ ತೆಗೆದುಕೊಳ್ಳುತ್ತಿದ್ದರು. "ಅವನ ಸಂಬಳ" ಅನ್ನುತ್ತಿದ್ದರಂತೆ. ಮುಳಿಹುಲ್ಲಿನ ಮಾಡು ತೆಗೆದು ಹಂಚು ಹಾಕಿಸಿದ್ದು ಅದರಲ್ಲೇ. ಬುಟ್ಟಿ ಹೊರುವುದನ್ನು ಬಿಟ್ಟದ್ದು ಮೊಣಕಾಲು ಕೈಕೊಟ್ಟ ಮೇಲೆ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾದಾಗ ಅಮ್ಮ ರಾತ್ರಿ ಮಲಗುತ್ತಿರಲಿಲ್ಲ. ಮುಂದಿನ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಾಲ್ವಣ್ ಹತ್ತಿರ ಅದರ ಅವಶೇಷ ಸಿಕ್ಕಿತು. "ಅವರಿಗೆ ಹಲಗೆಯಾದರೂ ಸಿಕ್ಕಿತು" ಅಂದಿದ್ದರು ಅಮ್ಮ. ಆಗ ನನಗೆ ಸಿಟ್ಟು ಬಂದಿತ್ತು, ಎಂತ ಮಾತು ಇದು ಅಂತ.

ಅಜ್ಜಿ ತೀರಿದ ಮೇಲೆಯೇ ಮಾವನಿಗೂ ಎಲೆ ಇಡಲು ಶುರು ಮಾಡಿದ್ದು. ಮೊನ್ನೆಯೂ ಇಟ್ಟೆವು. ಅಜ್ಜನಿಗೆ ಕಳ್ಳು, ಬೀಡಿ. ಅಜ್ಜಿಗೆ ಬಂಗುಡೆ ಪುಳಿಮುಂಚಿ. ಮಾವನ ಎಲೆಗೆ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ. ಅವರಿಗೆ ಎಂತ ಇಷ್ಟ ಅಂತ ಅಮ್ಮನಿಗೂ ನೆನಪಿಲ್ಲ, ಮಾವ ಮನೆ ಬಿಡುವಾಗ ಅಮ್ಮ ತೀರಾ ಸಣ್ಣವರು. ಫ್ಲೀಟ್ ಮೇಲ್ ಆಫೀಸ್ ಬೊಂಬಾಯಿ ಅಂತ ವಿಳಾಸ ಇರುವ ಒಂದು ಇನ್‌ಲ್ಯಾಂಡ್ ಕಾಗದ ಉಳಿದಿದೆ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡು. ಅದರಲ್ಲೂ ಊಟದ ವಿಷಯ ಒಂದೇ ಸಾಲು: "ಇಲ್ಲಿ ಕುಚ್ಚಲಕ್ಕಿ ಇಲ್ಲ." ಮತ್ತೆಲ್ಲ ಕೇಳಿದ್ದೇ. ಈ ವರ್ಷ ಬೂತಾಯಿ ಮೀನು ಬಿತ್ತಾ, ಮಾಡಿಗೆ ಮುಳಿ ಹಾಸಿದಿರಾ, ತಂಗಿ ಶಾಲೆಗೆ ಹೋಗುತ್ತಾಳಾ. ತಂಗಿ ಅಂದರೆ ಅಮ್ಮ.

ಹುಡುಗರು ಹೋದ ಮೇಲೆ, ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ಅಮ್ಮ ಇದ್ದಕ್ಕಿದ್ದ ಹಾಗೆ ಕೇಳಿದರು: "ರಾತ್ರಿ ಒಂಬತ್ತರ ಒಳಗೆ ಆದದ್ದಂತೆ ಅಲ್ಲವಾ ಅದು? ಎಲ್ಲರದ್ದೂ ಊಟ ಆಗಿರಬಹುದಾ?"

ನಾನು ಎಂತ ಹೇಳುವುದು.

"ಬಡಿಸುವವನದ್ದು ಕೊನೆಗೆ. ಅವನದ್ದು ಆಗಿರ್ಲಿಕ್ಕಿಲ್ಲ."

ಈಗ ಆ ಹುಡುಗನ ಮೆಸೇಜ್ ಬಂದಿದೆ. ಬಂದೂಕು ತೆಗೆದಿದ್ದಾನೆ, ಬಟ್ಟೆ ಬಿಳಿ ಮಾಡಿದ್ದಾನೆ, ಹಿಮ ಹೋಗಿ ಕಡಲು ಬಂದಿದೆ. ಪಾಪ, ಹೇಳಿದ್ದು ಕೇಳಿದ್ದಾನೆ. ಆದರೆ 'ಅಡಿಗೆಯವರು' ಅಂತ ಹಾಕುವುದು ಬೇಡ ಅಕ್ಕ, ನೋಡಿದವರು ತಮಾಷೆ ಮಾಡಬಹುದು, 'ನೌಕಾಪಡೆಯ ಯೋಧ' ಸಾಕಲ್ಲವಾ, ಪ್ರಿಂಟಿಗೆ ಕೊಡ್ಲಾ ಅಂತ ಕೇಳುತ್ತಿದ್ದಾನೆ. ಸಾಕು ಅಂತ ಟೈಪ್ ಮಾಡಿ ಅಳಿಸಿದೆ. ಅಜ್ಜನಾಗಿದ್ದರೆ ಖಂಡಿತ ಸಾಕು ಅನ್ನುತ್ತಿದ್ದರು. ಅಮ್ಮನನ್ನು ಕೇಳಿದರೆ ಮತ್ತೆ ಸೌಟಿನ ಮಾತೇ ಬರುತ್ತದೆ, ಮತ್ತೆ ಮಾವ ಇದ್ದಿದ್ದರೆ, ಅವರಿಗೆ ಯಾವುದು...