ಎರಡು ಸೆಂಟಿಮೀಟರ್ ಬಾಕಿ ಇತ್ತು

"ಅಲ್ವೇ, ಇನ್ನು ಜನ್ಮದಲ್ಲಿ ವಂಡರ್‌ಲಾ ಕಡೆ ತಲೆ ಹಾಕಿ ಮಲಗಲ್ಲ ಅಂದಿದ್ದೆ, ಮತ್ತೆ ಯಾಕೆ ಹೋದೆ?" ಆಫೀಸಲ್ಲಿ ಕೇಳಿದರು, ಲಿಫ್ಟಲ್ಲಿ ಕೇಳಿದರು, ತಂಗಿ ಅಂತೂ ಫೋನ್ ಮಾಡಿ ನಕ್ಕು ನಕ್ಕು ಕೇಳಿದಳು. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೇ ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ನನ್ನ ಮಗ ಎರಡು ಸೆಂಟಿಮೀಟರ್ ಗಿಡ್ಡ ಇದ್ದ. ಅದಕ್ಕೇ ಹೋದೆ.

ವಂಡರ್‌ಲಾ ಅಂದರೆ ಬಿಡದಿ ಹತ್ತಿರದ ಅಮ್ಯೂಸ್‌ಮೆಂಟ್ ಪಾರ್ಕ್. ಮೊದಲ ಸಲ ಹೋಗಿದ್ದು ಮೇ ತಿಂಗಳಲ್ಲಿ. ಭಾನುವಾರ. ಸಾಲದ್ದಕ್ಕೆ ಮನೆ ಬಿಟ್ಟಿದ್ದೇ ಹನ್ನೊಂದೂವರೆಗೆ. ಬೇಸಿಗೆ ರಜೆ, ಭಾನುವಾರ, ಮಧ್ಯಾಹ್ನ, ಮೂರೂ ಕೂಡಿಸಿಕೊಂಡು ಹೊರಟವರಿಗೆ ಖಾಲಿ ಪಾರ್ಕ್ ಸಿಗುತ್ತದಾ? ಅರ್ಧ ಬೆಂಗಳೂರು ನಮಗಿಂತ ಮುಂಚೆ ಬಂದು ಕೂತಿತ್ತು. ಮೇಲಿಂದ ನಾನು ಎಲ್ಲರಿಗೂ ಕಾಟನ್ ಬಟ್ಟೆ ಹಾಕಿಸಿಕೊಂಡು ಹೋಗಿದ್ದೆ, ಸೆಕೆ ಅಲ್ವಾ ಅಂತ. ನೀರಿನ ಆಟಗಳಿಗೆ ನೈಲಾನ್ ಬಟ್ಟೆಯೇ ಬೇಕು, ಹತ್ತಿಯ ಎಳೆ ಬಿಟ್ಟರೆ ನೀರು ಸೋಸುವ ಫಿಲ್ಟರ್‌ಗೆ ಹೋಗಿ ಕೂರುತ್ತದೆ. ಅದು ನನಗೆ ಗೊತ್ತಾಗಿದ್ದು ನೀರಿನ ಹತ್ತಿರ ಹೋದ ಮೇಲೆ. ಇಡೀ ದಿನದಲ್ಲಿ ಹತ್ತಿದ್ದು ಮೂರೋ ನಾಲ್ಕೋ ರೈಡ್. ತಪ್ಪೆಲ್ಲಾ ನಮ್ಮದೇ, ಆದರೆ ಬೈದುಕೊಂಡಿದ್ದು ಮಾತ್ರ ಜನರನ್ನ.

ಅವತ್ತೇ ಆ ಎರಡು ಸೆಂಟಿಮೀಟರ್ ಕಥೆಯೂ ಆಗಿದ್ದು. ರಿಕಾಯ್ಲ್ ಅಂತ ಒಂದು ರೋಲರ್ ಕೋಸ್ಟರ್ ಇದೆಯಲ್ಲ, ದೂರದಿಂದಲೇ ಕಾಣುವ ದೊಡ್ಡ ಸುರುಳಿ, ಅದರ ಸಾಲಲ್ಲಿ ನಿಂತು ನಿಂತು ಬಾಗಿಲ ಹತ್ತಿರ ಹೋದೆವು. ಅಲ್ಲಿ ಎತ್ತರ ಅಳೆಯುವ ಪಟ್ಟಿ. 140 ಸೆಂಟಿಮೀಟರ್ ಇರಬೇಕು. ನಮ್ಮವನು 138. ಹಿಮ್ಮಡಿ ಎತ್ತಿದ, ಕೂದಲು ಕೆದರಿಕೊಂಡ, ಕತ್ತು ಉದ್ದ ಮಾಡಿದ. ಅಲ್ಲಿದ್ದ ಹುಡುಗ ನಕ್ಕು, "ಬೆಳ್ಕೊಂಡು ಬಾ ಪುಟ್ಟಾ" ಅಂದ. ಸರಿಯಾಗೇ ಮಾಡಿದ. ಭುಜದ ಮೇಲೆ ಇಳಿಸುವ ಆ ಕಂಬಿ ಇಷ್ಟು ಎತ್ತರದ ಮೈಗೆ ಅಂತಲೇ ಮಾಡಿರುವುದು, ಗಿಡ್ಡ ಮಕ್ಕಳನ್ನ ಅದು ಹಿಡಿದುಕೊಳ್ಳಲ್ಲ. ಆದರೆ ಇದನ್ನ ಹತ್ತು ವರ್ಷದ ಹುಡುಗನಿಗೆ ಯಾರು ಹೇಳೋದು? ಬಿಡದಿಯಿಂದ ವಿಜಯನಗರದವರೆಗೆ ಒಂದು ಮಾತಾಡಲಿಲ್ಲ. ಮನೆಗೆ ಬಂದವನೇ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಅಪ್ಪನ ಕೈಲಿ ಪೆನ್ಸಿಲ್ ಗೆರೆ ಹಾಕಿಸಿದ. ಆಮೇಲೆ ಪ್ರತಿ ಭಾನುವಾರ ಅಳತೆ.

ಡಿಸೆಂಬರ್ ಮೊದಲ ವಾರ 141 ಬಂತು. ಟೇಪನ್ನ ನಾನೇ ಮೂರು ಸಲ ಹಿಡಿದು ನೋಡಿದೆ.

ಈ ಸಲ ಬುದ್ಧಿ ಉಪಯೋಗಿಸಿದೆವು ಅಂದುಕೊಳ್ಳಿ. ಬುಧವಾರ ಹೋಗೋಣ, ವಾರದ ಮಧ್ಯೆ ಯಾರೂ ಇರಲ್ಲ. ಮಗ ಸ್ಕೂಲಿಗೆ ಒಂದು ದಿನ ಚಕ್ಕರ್. ತಿಪಟೂರಿಂದ ಅತ್ತೆ ಬಂದಿದ್ದರು, ಅವರೂ ಹೊರಟರು. ಬೆಳಿಗ್ಗೆ ಬೇಗ ಹೊರಟು ಪಾರ್ಕ್ ದಾಟಿ ಸೀದಾ ಬಿಡದಿ ಊರಿಗೇ ಹೋಗಿ ತಟ್ಟೆ ಇಡ್ಲಿ ತಿಂದೆವು. ಒಂದು ತಟ್ಟೆ ಇಡ್ಲಿ, ಅದರ ಮೇಲೆ ಕರಗುತ್ತಿರುವ ಬೆಣ್ಣೆ, ಅಷ್ಟಾದರೆ ಮಧ್ಯಾಹ್ನದವರೆಗೆ ಹೊಟ್ಟೆ ಸುಮ್ನಿರುತ್ತದೆ. ಗೇಟ್ ತೆಗೆಯೋದು ಹನ್ನೊಂದಕ್ಕೆ. ಹತ್ತೂವರೆಗೇ ವಾಪಸ್ ಬಂದು ನೋಡಿದರೆ ಸಾಲಾಗಿ ಕೆಎಸ್‌ಆರ್‌ಟಿಸಿ ಬಸ್ಸುಗಳು. ಮುಂದಿನ ಗಾಜಿಗೆ ಬ್ಯಾನರ್. ಶೈಕ್ಷಣಿಕ ಪ್ರವಾಸ!

ಡಿಸೆಂಬರ್ ಅಂದರೆ ಕರ್ನಾಟಕದ ಅಷ್ಟೂ ಶಾಲೆಗಳು ಟೂರ್ ಹೊರಡುವ ತಿಂಗಳು ಅನ್ನೋದು ನಾನೂ ಒಂದು ಕಾಲದಲ್ಲಿ ಅದೇ ಥರ ಬಸ್ಸಲ್ಲಿ ವಾಂತಿ ಮಾಡಿಕೊಂಡು ಮೈಸೂರು ನೋಡಿದವಳಾಗಿ ಮರೆತೇ ಹೋಗಿತ್ತು. ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಬಸ್ಸಿನ ಮುಖ ನೋಡಿದೆ.

ಆದರೆ ನಿಜ ಹೇಳ್ತೀನಿ, ಮೇ ತಿಂಗಳ ರಶ್ಶಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇತ್ತು. ಶಾಲೆಯ ಮಕ್ಕಳು ಗುಂಪಾಗಿ ಬರುತ್ತಾರೆ, ಗುಂಪಾಗಿ ಹೋಗುತ್ತಾರೆ. ಮೇಷ್ಟ್ರು ಸೀಟಿ ಊದಿದರೆ ಒಂದು ಇಡೀ ಸಾಲು ಅರ್ಧ ನಿಮಿಷದಲ್ಲಿ ಖಾಲಿ! ಊಟಕ್ಕೆ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಆ ಹೊತ್ತಲ್ಲಿ ನಾವು ರೈಡ್ ಹತ್ತಿದೆವು, ಅವರು ರೈಡ್‌ಗೆ ಬಂದಾಗ ನಾವು ಊಟಕ್ಕೆ ಹೋದೆವು. ಮಧ್ಯಾಹ್ನ ಎಲ್ಲರೂ ನೀರಿಗೆ ಇಳಿದ ಮೇಲೆ ಒಣ ರೈಡ್‌ಗಳ ಹತ್ತಿರ ಜನ ಕರಗಿದರು, ಒದ್ದೆ ಬಟ್ಟೆಯಲ್ಲಿ ಯಾರೂ ಬೇಗ ವಾಪಸ್ ಬರಲ್ಲ. ನಾಲ್ಕು ಗಂಟೆ ಆಗುತ್ತಿದ್ದಂಗೆ ಬಸ್ಸಿನವರು ಹೊರಡಲು ಶುರು ಮಾಡಿದರು. ಗೇಟಿನ ಹತ್ತಿರ ಒಬ್ಬ ಮೇಷ್ಟ್ರು, ಕೈಯಲ್ಲಿ ಒದ್ದೆ ಹಾಜರಿ ಪಟ್ಟಿ, ಎಷ್ಟು ಸಲ ಎಣಿಸಿದರೂ ಒಬ್ಬ ಕಮ್ಮಿ. ಕೊನೆಗೆ ನೋಡಿದರೆ ಎಣಿಸೋಕೆ ಸಹಾಯ ಮಾಡುತ್ತಾ ಪಕ್ಕದಲ್ಲೇ ನಿಂತಿದ್ದ ಹುಡುಗನನ್ನೇ ಬಿಟ್ಟಿದ್ದರು!

ಇನ್ನೊಂದು ವಿಷಯ ಈ ಸಲ ಅರ್ಥ ಆಯಿತು. ಸಾಲು ಎಷ್ಟು ಉದ್ದ ಇದೆ ಅಂತ ನೋಡಬಾರದು, ಎಷ್ಟು ಬೇಗ ಮುಂದೆ ಹೋಗುತ್ತಿದೆ ಅಂತ ನೋಡಬೇಕು. ರಿಕಾಯ್ಲ್‌ನಲ್ಲಿ ಓಡೋದು ಒಂದೇ ರೈಲು. ಅದನ್ನ ಹಿಂದಕ್ಕೆ ಎಳೆದು ಎತ್ತರಕ್ಕೆ ಒಯ್ದು ಬಿಡುತ್ತಾರೆ, ಅದು ಹತ್ತಿದ ಜಾಗವನ್ನೇ ದಾಟಿ ಸುರುಳಿ ಸುತ್ತಿ ಆ ಕಡೆಯ ಏರಿ ಹತ್ತುತ್ತದೆ, ಅಲ್ಲಿಂದ ಮತ್ತೆ ಹಿಮ್ಮುಖವಾಗಿ ಅದೇ ಹಳಿಯಲ್ಲಿ ವಾಪಸ್. ಹೋದ ದಾರಿಯಲ್ಲೇ ಬರಬೇಕಲ್ಲ, ಎರಡನೇ ರೈಲು ಬಿಡೋಕೆ ಆಗಲ್ಲ. ಆ ರೈಲು ನಿಂತು, ಜನ ಇಳಿದು, ಇನ್ನೊಂದು ತಂಡ ಹತ್ತಿ, ಕಂಬಿ ಇಳಿಸಿ, ಒಂದೊಂದನ್ನೂ ಜಗ್ಗಿ ನೋಡಿ... ಅಷ್ಟು ಹೊತ್ತು ಸಾಲು ಅಲುಗಾಡಲ್ಲ. ಲೇಜಿ ರಿವರ್‌ನಲ್ಲಾದರೆ ಟ್ಯೂಬ್ ಮೇಲೆ ಕೂತರೆ ಆಯಿತು, ನೀರು ತಾನೇ ತಳ್ಳಿಕೊಂಡು ಹೋಗುತ್ತದೆ. ಹಾಗಾಗಿ ನಿಧಾನದ ಸಾಲಿರುವ ರೈಡ್‌ಗೆ ಗೇಟ್ ತೆಗೆದ ತಕ್ಷಣ ಹೋಗಿ, ಉಳಿದದ್ದು ಆಮೇಲೆ. ಜಾಸ್ತಿ ದುಡ್ಡು ಕೊಟ್ಟರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ ಇದೆ, ಅದಕ್ಕೆ ಬೇರೆ ಸಾಲು. ನಾವು ತಗೊಳ್ಳಲಿಲ್ಲ. ಅತ್ತೆ ಅದನ್ನ ನೋಡಿ, "ತಿರುಪತೀಲಿ ಮುನ್ನೂರು ರೂಪಾಯಿ ದರ್ಶನ ಇದ್ದಂಗೆ" ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಅತ್ತೆಯ ಕಥೆ ಹೇಳದಿದ್ದರೆ ಈ ಬರಹಕ್ಕೆ ಅರ್ಥ ಇಲ್ಲ. ಅರವತ್ತಾರು ವರ್ಷ, ಮಂಡಿ ನೋವು, ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. "ನಾನು ಬ್ಯಾಗ್ ಕಾಯ್ತೀನಿ, ನೀವು ಹೋಗಿ" ಅಂತಲೇ ಬಂದಿದ್ದರು. ಬ್ಯಾಗ್ ಲಾಕರ್‌ನಲ್ಲಿ ಇಟ್ಟಮೇಲೆ ಅವರಿಗೆ ಕೆಲಸ ಇಲ್ಲದಂಗಾಯಿತು. ಸೊಸೆ, ಮೊಮ್ಮಗಳು ಸೇರಿ ಪುಸಲಾಯಿಸಿ ನೈಲಾನ್ ಪ್ಯಾಂಟು, ಉದ್ದ ತೋಳಿನ ಟಾಪು ಹಾಕಿಸಿದೆವು. ಕನ್ನಡಿ ಮುಂದೆ ನಿಂತು ಬಟ್ಟೆಯನ್ನ ಎರಡು ಬೆರಳಲ್ಲಿ ಹಿಡಿದು, "ಕೊಡೆ ಬಟ್ಟೆ ಇದ್ದಂಗಿದೆ ಕಣೇ" ಅಂದರು.

ವೇವ್ ಪೂಲ್‌ನಲ್ಲಿ ಅಲೆ ಯಾವಾಗಲೂ ಬರಲ್ಲ. ಸ್ವಲ್ಪ ಹೊತ್ತು ಬರುತ್ತದೆ, ನಿಲ್ಲುತ್ತದೆ. ನಾವು ಹೋದಾಗ ನಿಂತಿತ್ತು. ನೂರಾರು ಜನ ಸೊಂಟದ ಮಟ್ಟದ ನೀರಲ್ಲಿ ಒಂದೇ ಕಡೆ ಮುಖ ಮಾಡಿ ಸುಮ್ನೆ ನಿಂತಿದ್ದಾರೆ. ಅತ್ತೆ ಅಂಚಲ್ಲಿ, ಪಾದ ಮುಳುಗುವಷ್ಟು ನೀರಲ್ಲಿ ಕೂತರು. "ಮಲ್ಪೇಲಿ ಸಮುದ್ರ ನಮಗೆ ಕಾಯ್ತಿತ್ತು, ಇಲ್ಲಿ ನಾವೇ ಕಾಯ್ಬೇಕಾ?" ಅಷ್ಟರಲ್ಲಿ ಆ ಕಡೆಯಿಂದ ಮಕ್ಕಳ ಕಿರುಚಾಟ, ಮೊದಲ ಅಲೆ ಬಂತು. ಅವರ ಮಡಿಲವರೆಗೆ ಬಂದು ಹೋಯಿತು. ಎರಡನೆಯದು ಕುತ್ತಿಗೆಗೆ. ಮೂರನೆಯದಕ್ಕೆ ಪಕ್ಕದಲ್ಲಿದ್ದ ಯಾವುದೋ ಶಾಲೆಯ ಹುಡುಗಿ ಅಜ್ಜಿ ಅಂತ ಇವರ ಕೈ ಹಿಡಿದುಕೊಂಡಳು, ಇವರು ಅವಳ ಕೈ ಹಿಡಿದುಕೊಂಡರು, ಇಬ್ಬರೂ ಕಿರುಚಿದರು. ಅತ್ತೆ ಕಿರುಚಿದ್ದನ್ನ ನಾನು ಮದುವೆಯಾಗಿ ಹದಿಮೂರು ವರ್ಷದಲ್ಲಿ ಕೇಳಿರಲಿಲ್ಲ. ಅಲೆ ನಿಂತ ಮೇಲೂ ಏಳಲಿಲ್ಲ. "ಇನ್ನೊಂದು ಸಲ ಬರುತ್ತಲ್ಲಾ?" ಅಂತ ಕೂತೇ ಇದ್ದರು.

ಹಾಂ, ರಿಕಾಯ್ಲ್. ಅದು ಬೆಳಿಗ್ಗೆಯೇ ಆಗಿಹೋಗಿತ್ತು. ಪಟ್ಟಿಯ ಹತ್ತಿರ ಮಗ ಸೈನಿಕನ ಥರ ನಿಂತ. ಸಲೀಸಾಗಿ ಪಾಸ್. 140 ದಾಟಿದರೆ ಟಿಕೆಟ್ಟೂ ದೊಡ್ಡವರದೇ, ಆ ಜಾಸ್ತಿ ದುಡ್ಡು ಕೊಟ್ಟಿದ್ದಕ್ಕೆ ಅಪ್ಪನಿಗಿಂತ ಅವನಿಗೇ ಹೆಮ್ಮೆ. ರೈಲು ಹಿಂದಕ್ಕೆ ಏರುವಾಗ ಕೆಳಗಿಂದ ನಾನು ಕೈ ಬೀಸಿದೆ, ಅವನು ಕಂಬಿ ಬಿಡಲಿಲ್ಲ. ಇಳಿದು ಬಂದಾಗ ಮುಖ ಸುಣ್ಣ. ಹೇಗಿತ್ತೋ ಅಂದೆ. "ನನ್ನ ಚಪ್ಪಲಿ ಎಲ್ಲಿ?" ಅಂದ. ಎಡಗಾಲಿಗೆ ಬಲಗಾಲಿನದು ಹಾಕಿಕೊಂಡು ಹತ್ತು ಹೆಜ್ಜೆ ನಡೆದ ಮೇಲೆ ತಿರುಗಿ, "ಇನ್ನೊಂದು ಸಲ ಹೋಗ್ಲಾ?" ಅಂದ.

ಮನೆಗೆ ಬಂದ ರಾತ್ರಿ ಅಡುಗೆಮನೆ ಬಾಗಿಲಲ್ಲಿ ಮಗಳು ಬೆನ್ನು ಒತ್ತಿ ನಿಂತಿದ್ದಳು, ಪೆನ್ಸಿಲ್ ಅಜ್ಜಿಯ ಕೈಲಿ. 119. ಮೂರನೇ ಸಲ ಯಾಕೆ ಹೋದೆ ಅಂತ ಕೇಳೋಕೆ ನಿಮಗೆ ಇನ್ನೂ ನಾಲ್ಕು ವರ್ಷ ಟೈಮಿದೆ.